ಹೊಳೆ ಬದಿಯ ಮನೆ ಮಾರುವುದಿದ್ದರೆ: ಕಾಸರಗೋಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಅಜ್ಜನ ಮನೆ ಶಿರಿಯ ಹೊಳೆಯ ದಂಡೆಯಲ್ಲಿತ್ತು. ಆಧಾರದಲ್ಲಿ (ಜಾಗದ ನೋಂದಾಯಿತ ಪತ್ರಕ್ಕೆ ನಮ್ಮ ಕಡೆ ಹೀಗೆನ್ನುತ್ತೇವೆ) ಬರೆದದ್ದು 62 ಸೆಂಟ್ಸ್. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಇರುವವರು ಯಾರೂ ಇಲ್ಲವಾಗಿ, ಮಾರುವುದೆಂದು ನಾವು ಒಡಹುಟ್ಟಿದವರೆಲ್ಲ ಸೇರಿ ನಿಶ್ಚಯಿಸಿದೆವು. ಮಂಗಳೂರಿನಿಂದ ಬಂದ ಒಬ್ಬರು ಜಗಲಿಯಲ್ಲಿ ಅರ್ಧ ಗಂಟೆ ಕೂತು ಹೊಳೆ ನೋಡಿದರು, ಅಂದೇ ಸಂಜೆ ಅಡ್ವಾನ್ಸ್ ಕೊಟ್ಟರು. ಆಮೇಲೆ ಅಳೆಸಿ ನೋಡಿದರೆ ಸಿಕ್ಕಿದ್ದು 54 ಸೆಂಟ್ಸ್ ಚಿಲ್ಲರೆ. ಉಳಿದದ್ದನ್ನು ಹೊಳೆ ಮಳೆಗಾಲದಿಂದ ಮಳೆಗಾಲಕ್ಕೆ ಕೊರೆದು ಕೊಂಡುಹೋಗಿತ್ತು. ಇನ್ನೊಂದು ಬದಿಯಲ್ಲಿ ಅಜ್ಜ ನೆಟ್ಟ ಹನ್ನೊಂದು ತೆಂಗಿನ ಮರಗಳು ನಮ್ಮ ಗಡಿಯ ಹೊರಗೆ, ಹೊಳೆ ಪುರಂಬೋಕಿನಲ್ಲಿ, ಎಂದರೆ ಹೊಳೆಗೆ ಸೇರಿದ ಸರ್ಕಾರಿ ನೆಲದಲ್ಲಿದ್ದವು. ಚಿಕ್ಕಂದಿನಿಂದ ಅವುಗಳ ಬೊಂಡ ಕುಡಿದು ಬೆಳೆದ ನಮಗೆ ಅದು ಗೊತ್ತೇ ಇರಲಿಲ್ಲ. ಮಾತು ಮುರಿಯಿತು, ಅಡ್ವಾನ್ಸ್ ಹಿಂದೆ ಕೊಟ್ಟೆವು, ಎರಡನೆಯವರು ಸಿಗುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು.

ಆ ಎಂಟು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನೀರಿನ ಬದಿಯ ಜಾಗವನ್ನು ಜನ ನೀರಿಗಾಗಿ ಕೊಳ್ಳಲು ಬರುತ್ತಾರೆ. ವ್ಯಾಪಾರ ಮುರಿಯುವುದು ನೀರು ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಯ ಮೇಲೆ. ಆ ಗೆರೆಯನ್ನು ಕಾಗದದಲ್ಲೂ ನೆಲದಲ್ಲೂ ಮೊದಲು ಗಟ್ಟಿ ಮಾಡಿಕೊಂಡವರಿಗೆ ಉಳಿದದ್ದು ಅಷ್ಟು ಕಷ್ಟವಲ್ಲ.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಸರೋವರ ಇಲ್ಲ. ಆದರೆ ಕೇರಳದ 44 ನದಿಗಳಲ್ಲಿ 12 ಹರಿಯುವುದು ಇಲ್ಲೇ. ಇಡೀ ರಾಜ್ಯದಲ್ಲೇ ಚಿಕ್ಕದಾದ, ಬರೇ 16 ಕಿಲೋಮೀಟರ್ ಉದ್ದದ ಮಂಜೇಶ್ವರ ಹೊಳೆಯಿಂದ ಹಿಡಿದು 105 ಕಿಲೋಮೀಟರಿನ ಚಂದ್ರಗಿರಿಯವರೆಗೆ. ಅದರ ಜೊತೆಗೆ ಕುಂಬಳೆಯ ಹಿನ್ನೀರು, ಊರೂರಿನ ಮದಕ, ಪಳ್ಳ, ಕೆರೆ. ಈಗ ಬ್ರೋಕರುಗಳು ಇವೆಲ್ಲಕ್ಕೂ 'ವಾಟರ್ ಫ್ರಂಟ್' ಎನ್ನುತ್ತಾರೆ. ನಿಮ್ಮದು ಇವುಗಳಲ್ಲಿ ಯಾವುದರ ಬದಿಯಲ್ಲಿದ್ದರೂ ಕೆಳಗಿನ ಕ್ರಮ ಹೆಚ್ಚು ಕಡಿಮೆ ಒಂದೇ.

ಮೊದಲ ಹೆಜ್ಜೆ: ಅಳೆಸಿ, ಕಲ್ಲು ಹುಡುಕಿ

ಯಾರಿಗೂ ಬೆಲೆ ಹೇಳುವ ಮುಂಚೆ ಅಳತೆ ಮಾಡಿಸಿ. ಲೈಸೆನ್ಸ್ ಇರುವ ಸರ್ವೆಯವರನ್ನು ಕರೆಸಿ, ವಿಲ್ಲೇಜ್ ಆಫೀಸಿನ ದಾಖಲೆಯ ಸ್ಕೆಚ್ ಕೈಯಲ್ಲಿಟ್ಟುಕೊಂಡು ಒಂದೊಂದೇ ಸರ್ವೆ ಕಲ್ಲು ಪತ್ತೆ ಮಾಡಿ. ಹೊಳೆ ಬದಿಯ ಕಲ್ಲುಗಳು ಹುಗಿದು ಹೋಗಿರುತ್ತವೆ. ನಮ್ಮದರಲ್ಲಿ ಒಂದು ಕಲ್ಲು ಸಿಕ್ಕಿದ್ದು ಇಳಿತದ ಹೊತ್ತಿನಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ, ಕಾಂಡ್ಲ (ಮ್ಯಾಂಗ್ರೋವ್) ಗಿಡದ ಬೇರುಗಳ ನಡುವೆ. ಭರತದ ಹೊತ್ತಿಗೆ ಬಂದಿದ್ದರೆ ಅದರ ಮೇಲೆ ಎರಡಡಿ ನೀರು. ಹಾಗಾಗಿ ಅಳೆಯುವ ದಿನ, ಗಂಟೆ ಗೊತ್ತು ಮಾಡುವಾಗ ಮೀನು ಹಿಡಿಯುವವರ ಹತ್ತಿರ ಇಳಿತ ಯಾವಾಗೆಂದು ಕೇಳಿಕೊಳ್ಳಿ. ಹಿತ್ತಿಲ ಜಾಗಕ್ಕೆ ಬೇಡದ ಈ ಜಾಗ್ರತೆ ಹೊಳೆ ಬದಿಗೆ ಬೇಕೇ ಬೇಕು.

ಅಳೆದಾಗ ಮೂರು ಬಗೆಯ ನೆಲ ಬೇರೆ ಬೇರೆಯಾಗಿ ಕಾಣಬೇಕು. ಒಂದು, ನಿಮ್ಮ ಹೆಸರಿನಲ್ಲಿ ತೀರ್ವೆ (ಭೂಕಂದಾಯ) ಕಟ್ಟುತ್ತಿರುವ ಜಾಗ. ಎರಡು, ಹೊಳೆ ಪುರಂಬೋಕು. ಇದು ಸರ್ಕಾರದ್ದು, ಕೇರಳ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಊರಿನ ತೋಡು, ಕೆರೆ ಮುಂತಾದ ಸಾರ್ವಜನಿಕ ಜಲಮೂಲಗಳು ಗ್ರಾಮ ಪಂಚಾಯತಿನ ವಶದಲ್ಲಿವೆ. ಅಲ್ಲಿ ನಿಮ್ಮ ಅಜ್ಜ ತೆಂಗು ನೆಟ್ಟಿರಬಹುದು, ಮೆಟ್ಟಿಲು ಕಟ್ಟಿರಬಹುದು, ಪಂಪ್‌ಶೆಡ್ ಹಾಕಿರಬಹುದು, ಮಾರಲು ಬರುವುದಿಲ್ಲ. ಮೂರು, ಕುಮ್ಕಿ, ಎಂದರೆ ಕೃಷಿ ಜಾಗಕ್ಕೆ ತಾಗಿದ ಸರ್ಕಾರಿ ನೆಲ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದದ್ದರಿಂದ ಆ ಕಾಲದ ಕುಮ್ಕಿ ಇಲ್ಲೂ ಉಳಿದುಕೊಂಡಿದೆ. ಸೊಪ್ಪು, ಸೌದೆ ತರುವ ಸವಲತ್ತು ಬೇರೆ, ಒಡೆತನ ಬೇರೆ. ಪಟ್ಟಯ (ಹಕ್ಕುಪತ್ರ) ಆಗದ ಕುಮ್ಕಿಯನ್ನು 'ಜೊತೆಗೆ ಒಂದು ಎಕರೆ ಕುಮ್ಕಿಯೂ ಬರುತ್ತದೆ' ಎಂದು ಹೇಳಿ ಬೆಲೆ ಏರಿಸಬೇಡಿ. ಪುರಂಬೋಕು, ಕುಮ್ಕಿ ಎರಡನ್ನೂ ಸ್ಕೆಚ್ಚಿನಲ್ಲಿ ಬೇರೆ ಬಣ್ಣದಲ್ಲಿ ಗುರುತು ಮಾಡಿ, ಕೊಳ್ಳುವವರಿಗೆ ನೀವಾಗಿಯೇ ತೋರಿಸಿ. ನಾವು ಎರಡನೇ ಸಲ ಹಾಗೆ ಮಾಡಿದೆವು. ಆ ಹನ್ನೊಂದು ತೆಂಗುಗಳ ವಿಷಯ ಮೊದಲ ಭೇಟಿಯಲ್ಲೇ ಹೇಳಿದಾಗ ಕೊಳ್ಳುವವರ ಮುಖ ಸಣ್ಣದಾಗಲಿಲ್ಲ. ನಾವು ಹೇಳುವ ಉಳಿದ ಮಾತುಗಳನ್ನೂ ಅವರು ನಂಬಿದರು.

ಕೇರಳದಲ್ಲಿ ಡಿಜಿಟಲ್ ರೀಸರ್ವೆ 2022ರ ನವೆಂಬರಿನಲ್ಲಿ ಶುರುವಾಯಿತು. ನೋಂದಣಿ, ಕಂದಾಯ, ಸರ್ವೆ ಮೂರನ್ನೂ ಒಂದೇ ಕಡೆ ಸೇರಿಸಿದ 'ಎಂಟೆ ಭೂಮಿ' ಪೋರ್ಟಲ್ 2024ರ ಅಕ್ಟೋಬರಿನಲ್ಲಿ ಮೊದಲು ಜಾರಿಗೆ ಬಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರುಳ್ವಾರ್ ಗ್ರಾಮದಲ್ಲಿ. ನಿಮ್ಮ ಗ್ರಾಮದಲ್ಲಿ ರೀಸರ್ವೆ ಮುಗಿದಿದ್ದರೆ ಹಳೆ ಸರ್ವೆ ನಂಬ್ರಕ್ಕೂ ಹೊಸದಕ್ಕೂ ವಿಸ್ತೀರ್ಣ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಅರ್ಜಿ ಕೊಟ್ಟು ಸರಿಪಡಿಸುವ ಕೆಲಸ ಈಗಲೇ ಮಾಡಿ. ರಿಜಿಸ್ಟ್ರಿಯ ಹಿಂದಿನ ದಿನ ಓಡಾಡಿದರೆ ಆಗುವ ಕೆಲಸ ಅದಲ್ಲ.

ಎರಡನೇ ಹೆಜ್ಜೆ: ಕಾಗದದ ಸರಪಳಿ

ಒಂದು ಫೈಲಿನಲ್ಲಿ ಇಷ್ಟು ಬೇಕು: ಆಧಾರ, ಅದರ ಹಿಂದಿನ ಮುನ್ನಾಧಾರಗಳು, ಪಟ್ಟಯ, ಈ ವರ್ಷದ ತೀರ್ವೆ ರಶೀದಿ, ತಂಡಪೇರು ನಂಬ್ರ (ವಿಲ್ಲೇಜ್ ಆಫೀಸಿನ ಭೂಖಾತೆಯ ನಂಬ್ರ), ವಿಲ್ಲೇಜ್ ಆಫೀಸಿನ ಕೈವಶ ಸರ್ಟಿಫಿಕೇಟ್ ಮತ್ತು ಲೊಕೇಶನ್ ಸ್ಕೆಚ್, ಸಬ್ ರಿಜಿಸ್ಟ್ರಾರ್ ಆಫೀಸಿನ ಬಾಧ್ಯತಾ ಸರ್ಟಿಫಿಕೇಟ್ (ಜಾಗದ ಮೇಲಿನ ಸಾಲ, ಹೊಣೆಗಳ ವಿವರ), ಮನೆಗೆ ಪಂಚಾಯತಿನ ಒಡೆತನ ಸರ್ಟಿಫಿಕೇಟ್, ಕಟ್ಟಡ ತೆರಿಗೆ ರಶೀದಿ. ಸಾಲ ಮಾಡಿ ಕೊಳ್ಳುವವರಿದ್ದರೆ ಬ್ಯಾಂಕಿನವರು ಮೂವತ್ತು ವರ್ಷದ ಹಿಂದಿನವರೆಗೂ ಕೇಳುವುದುಂಟು. ಸರ್ಕಾರ ಮಂಜೂರು ಮಾಡಿದ ಪಟ್ಟಯವಾಗಿದ್ದರೆ ಅದರಲ್ಲಿ ಬರೆದ ಷರತ್ತುಗಳನ್ನು ಪೂರ್ತಿ ಓದಿ. ಇಂತಿಷ್ಟು ವರ್ಷ ಮಾರಬಾರದೆಂದು ಇರಬಹುದು.

ಇಷ್ಟು ಎಲ್ಲರಿಗೂ ಗೊತ್ತಿರುವುದೇ. ನಮ್ಮ ಕಡೆಯ ತೊಡಕು ಇರುವುದು ಪಾಲಿನಲ್ಲಿ. ಹೊಳೆ ಬದಿಯ ಹಳೆ ಮನೆಗಳಲ್ಲಿ ಹಲವು ತರವಾಡು ಮನೆಗಳು (ಕೂಡುಕುಟುಂಬದ ಮೂಲ ಮನೆಗಳು), ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಕಟ್ಟಿನ ಕಾಲದಿಂದ ಬಂದವು. ಕೇರಳದಲ್ಲಿ ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯನ್ನು ರದ್ದು ಮಾಡಿದ ಕಾಯಿದೆ ಜಾರಿಗೆ ಬಂದದ್ದು 1976ರ ಡಿಸೆಂಬರ್ 1ರಂದು. ಆ ದಿನ ಬದುಕಿದ್ದ ಪ್ರತಿಯೊಬ್ಬ ಸದಸ್ಯರಿಗೂ ಪಾಲು ಹುಟ್ಟಿತು. ಪಾಲುಪಟ್ಟಿ ಬರೆಯದೆ, ಬಾಯಿಮಾತಿನಲ್ಲಿ 'ಈ ಮನೆ ದೊಡ್ಡಪ್ಪನಿಗೆ' ಎಂದು ಬಿಟ್ಟುಕೊಟ್ಟಿದ್ದರೆ, ಮುಂಬಯಿಯಲ್ಲಿರುವ ಚಿಕ್ಕಮ್ಮನ ಮಕ್ಕಳ ಸಹಿಯೂ ಬೇಕಾಗುತ್ತದೆ. ಯಾರು ಯಾರು ಹಕ್ಕುದಾರರೆಂದು ಒಂದು ವಂಶವೃಕ್ಷ ಬರೆದು, ಒಬ್ಬೊಬ್ಬರನ್ನೂ ಕಂಡು ಮಾತಾಡಿ, ಬೇಕಾದಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿ. ಮದುವೆಯಾಗಿ ಹೋದ ಅಕ್ಕ ತಂಗಿಯರನ್ನು 'ಅವರೇನೂ ಕೇಳುವುದಿಲ್ಲ' ಎಂದು ಬಿಡಬೇಡಿ. ಕೇಳುವುದು ಬಿಡುವುದು ಅವರ ಇಷ್ಟ. ಅವರನ್ನು ಕೂರಿಸಿ ಮಾತಾಡುವುದು ನಮ್ಮ ಕರ್ತವ್ಯ. ನನ್ನ ಅಕ್ಕ ತನ್ನ ಪಾಲಿನ ಹಣ ತೆಗೆದುಕೊಂಡಳು, ಸಂತೋಷದಿಂದ ಸಹಿ ಹಾಕಿದಳು.

ಗಲ್ಫಿನಲ್ಲಿರುವ ಹಕ್ಕುದಾರರು ಮುಖ್ತಿಯಾರು (ಪವರ್ ಆಫ್ ಅಟಾರ್ನಿ) ಕೊಡುವುದಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಟೆಸ್ಟ್ ಮಾಡಿಸಬೇಕು. ಅದು ಊರಿಗೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿ ಸಿಂಧು ಮಾಡಿಸಬೇಕು. ಮಾರುವ ಅಧಿಕಾರ, ಹಣ ಪಡೆಯುವ ಅಧಿಕಾರ ಎರಡೂ ಅದರಲ್ಲಿ ಸ್ಪಷ್ಟವಾಗಿ ಬರೆದಿರಲಿ.

ಇನ್ನು ಭಾಷೆ. ನಮ್ಮ ಹಳೆ ಆಧಾರಗಳು ಕನ್ನಡದಲ್ಲಿವೆ, ಅದೂ ಕೂಡಿಸಿ ಬರೆದ ಹಳೆ ಕೈಬರಹದಲ್ಲಿ. ಕಣ್ಣೂರು, ಪಯ್ಯನ್ನೂರಿನಿಂದ ಬರುವ ಕೊಳ್ಳುವವರ ವಕೀಲರಿಗೆ ಅದು ಓದಲು ಬಾರದು. ಮುಂಚಿತವಾಗಿಯೇ ಒಂದು ಮಲಯಾಳ ಅನುವಾದ ಮಾಡಿಸಿ ಮೂಲದ ನಕಲಿಗೆ ಲಗತ್ತಿಸಿಡಿ. ವಾರಗಟ್ಟಲೆ ಸಮಯ ಉಳಿಯುತ್ತದೆ. ಇದರ ಇನ್ನೊಂದು ಮುಖ ಹೆಚ್ಚು ಮುಖ್ಯ. ನಮ್ಮ ಹಿರಿಯರಲ್ಲಿ ಮಲಯಾಳ ಮಾತಾಡಲು ಬಂದರೂ ಓದಲು ಬಾರದವರು ತುಂಬ ಜನ. ಕರಾರು ಮಲಯಾಳದಲ್ಲಿ ಬರೆದು ತಂದು 'ಇಲ್ಲಿ ಸಹಿ ಹಾಕಿ' ಎಂದರೆ ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡದವರಿಗೆ ಕಚೇರಿಗಳೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕಿದೆ. ಕನ್ನಡ ಬಲ್ಲ ಆಧಾರ ಬರಹಗಾರರು ಇಲ್ಲಿ ಇದ್ದಾರೆ. ಕರಾರನ್ನು ಕನ್ನಡದಲ್ಲಿ ಬರೆಸಿ, ಅಥವಾ ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಪೆನ್ನು ಹಿಡಿಯಿರಿ.

ಮೂರನೇ ಹೆಜ್ಜೆ: ನಂಜವೋ ಪುಂಜವೋ, ಡಾಟಾ ಬ್ಯಾಂಕಿನಲ್ಲಿ ಇದೆಯೋ

ಹಳೆ ದಾಖಲೆಗಳಲ್ಲಿ ನಂಜ, ಪುಂಜ, ಬಾಗಾಯ್ತು ಎಂದು ಬರೆದಿರುತ್ತದೆ: ಗದ್ದೆ, ಒಣ ಜಾಗ, ತೋಟ. ಹೊಳೆ ಬದಿಯಲ್ಲಿ ಬಹಳಷ್ಟು ಜಾಗ ನಂಜ. ಗದ್ದೆ ಬೇಸಾಯ ನಿಂತು, ಅಡಿಕೆ ತೆಂಗು ಎದ್ದು, ಮನೆಯೂ ಎದ್ದು ದಶಕಗಳೇ ಕಳೆದಿರಬಹುದು. ವಿಲ್ಲೇಜ್ ಆಫೀಸಿನ ಮೂಲ ತೆರಿಗೆ ಪುಸ್ತಕವಾದ ಬಿಟಿಆರ್‌ನಲ್ಲಿ ಅದು ಈಗಲೂ ಗದ್ದೆಯೇ.

ಕೇರಳದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯಿದೆ 2008ರ ಆಗಸ್ಟ್ 12ರಂದು ಜಾರಿಗೆ ಬಂತು. ಅದರ ಅಡಿಯಲ್ಲಿ ಪ್ರತಿ ಪಂಚಾಯತಿಗೂ ಗದ್ದೆ, ಜೌಗು ಭೂಮಿಗಳ ಒಂದು ಡಾಟಾ ಬ್ಯಾಂಕ್ ಇದೆ. ಕೃಷಿಭವನದಲ್ಲಿ ವಿಚಾರಿಸಿ ನಿಮ್ಮ ಸರ್ವೆ ನಂಬ್ರ ಅದರಲ್ಲಿ ಇದೆಯೇ ನೋಡಿ. ಇದ್ದು, ಅದು ತಪ್ಪಾಗಿ ಸೇರಿದ್ದೆಂದು ನಿಮಗೆ ಖಾತ್ರಿ ಇದ್ದರೆ ಫಾರಂ 5ರಲ್ಲಿ ಕಂದಾಯ ವಿಭಾಗಾಧಿಕಾರಿಯಾದ ಆರ್‌ಡಿಒಗೆ ಅರ್ಜಿ. ಇಲ್ಲಿ ಲೆಕ್ಕಕ್ಕೆ ಬರುವುದು 2008ರಲ್ಲಿ ಜಾಗ ಹೇಗಿತ್ತು ಎಂಬುದು. ಕೃಷಿ ಅಧಿಕಾರಿ ಜಾಗ ನೋಡಿ ವರದಿ ಕೊಡುತ್ತಾರೆ, ಬೇಕಾದರೆ ಆ ಕಾಲದ ಉಪಗ್ರಹ ಚಿತ್ರದ ವರದಿಯನ್ನೂ ತರಿಸುತ್ತಾರೆ. 2008ಕ್ಕೆ ಮುಂಚೆಯೇ ತೆಂಗು ಫಲ ಕೊಡುತ್ತಿತ್ತು ಎಂಬುದಕ್ಕೆ ಹಳೆ ಫೋಟೋ, ಹಳೆ ಕಟ್ಟಡ ತೆರಿಗೆ ರಶೀದಿ ಹುಡುಕಿಡಿ. ನಮ್ಮ ಮನೆಯ ಒಂದು ಮದುವೆ ಆಲ್ಬಮ್ಮಿನ ಹಿನ್ನೆಲೆಯಲ್ಲಿ ತೋಟ ಕಾಣುತ್ತಿತ್ತು; ಅರ್ಜಿಯ ಜೊತೆ ಅದನ್ನೂ ಇಟ್ಟೆವು.

ಡಾಟಾ ಬ್ಯಾಂಕಿನಲ್ಲಿಲ್ಲ, ಆದರೆ ಬಿಟಿಆರ್‌ನಲ್ಲಿ ಗದ್ದೆ ಎಂದಿದ್ದರೆ ದಾರಿ ಬೇರೆ: 50 ಸೆಂಟ್ಸ್‌ವರೆಗೆ ಫಾರಂ 6, ಮೀರಿದರೆ ಫಾರಂ 7. 25 ಸೆಂಟ್ಸ್‌ವರೆಗಿನ ಜಾಗಕ್ಕೆ ಶುಲ್ಕ ವಿನಾಯಿತಿ ಇದೆ. ಮೀರಿದರೆ ಒಂದು ಎಕರೆಯವರೆಗೆ ಸರ್ಕಾರ ಗೊತ್ತುಮಾಡಿದ ನ್ಯಾಯಬೆಲೆಯ ಶೇ. 10. ಈ ಅರ್ಜಿಗಳು ಬೇಗ ಮುಗಿಯುವುದಿಲ್ಲ. ತಿಂಗಳುಗಟ್ಟಲೆ ಕಾಯಲು ತಯಾರಿರಿ. ಹಾಗೆಂದು ಜಾಗ ಮಾರಲಿಕ್ಕೇ ಆಗದೆಂದಲ್ಲ. ಗದ್ದೆಯನ್ನು ಗದ್ದೆಯಾಗಿಯೇ ಮಾರಬಹುದು. ಹೊಸ ಮನೆ, ಹೋಂಸ್ಟೇ ಕಟ್ಟುವ ಆಸೆಯಿಂದ ಬಂದವರಿಗೆ ಮಾತ್ರ ಅದು ಗೊತ್ತಾಗಲೇಬೇಕು.

ನಾಲ್ಕನೇ ಹೆಜ್ಜೆ: ಉಪ್ಪು ನೀರು ಎಲ್ಲಿವರೆಗೆ ಬರುತ್ತದೆ

ಕರಾವಳಿ ನಿಯಂತ್ರಣ ವಲಯ ಎಂದರೆ ಸಮುದ್ರದ ಬದಿ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಭರತ ಇಳಿತ ಮುಟ್ಟುವಷ್ಟು ದೂರ ಹೊಳೆಯ ದಂಡೆಗೂ ಅದು ಅನ್ವಯ. ಎಷ್ಟು ದೂರವೆಂದು ನಿರ್ಧರಿಸುವುದು ಉಪ್ಪಿನ ಅಂಶದಿಂದ: ವರ್ಷದ ಅತಿ ಒಣ ಕಾಲದಲ್ಲಿ ನೀರಿನಲ್ಲಿ ಸಾವಿರಕ್ಕೆ ಐದು ಪಾಲು ಉಪ್ಪು ಎಲ್ಲಿವರೆಗೆ ಸಿಗುತ್ತದೋ ಅಲ್ಲಿವರೆಗೆ. 2011ರ ಅಧಿಸೂಚನೆಯಲ್ಲಿ ಇಂಥ ಹೊಳೆಗಳ ದಂಡೆಗೆ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು ಎಂದಿತ್ತು. 2019ರದರಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ. ಅದಕ್ಕೆ ತಕ್ಕ ಕೇರಳದ ನಕ್ಷೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ.

ಮಾರಾಟಕ್ಕೆ ಇದು ಅಡ್ಡಿಯಲ್ಲ, ಇದ್ದ ಮನೆಯ ರಿಪೇರಿಗೂ ಅಲ್ಲ. ಹೊಸದಾಗಿ ಕಟ್ಟಲು, ದೊಡ್ಡದು ಮಾಡಲು ಕಡಿವಾಣ. ಪಂಚಾಯತಿನಲ್ಲಿ ನಕ್ಷೆ ನೋಡಿ ನಿಮ್ಮ ಮನೆ ಗೆರೆಯ ಒಳಗೋ ಹೊರಗೋ ತಿಳಿದುಕೊಳ್ಳಿ. ಮನೆ ಪರವಾನಿಗೆ ಪಡೆದು ಕಟ್ಟಿದ್ದೆಂಬ ಕಾಗದ ಇದ್ದರೆ ಅದನ್ನು ಜೋಪಾನವಾಗಿಡಿ. ಗೆರೆಯ ಒಳಗಿನ ಮನೆಗೆ ಆ ಕಾಗದ ಬೆಲೆ ತರುತ್ತದೆ.

ನೋಟ ಚೆನ್ನಾಗಿ ಕಾಣಲೆಂದು ದಂಡೆಯ ಕಾಂಡ್ಲ ಕಡಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಮಣ್ಣನ್ನು ಹಿಡಿದಿಟ್ಟದ್ದೇ ಆ ಬೇರುಗಳು. ನಮ್ಮ ಜಾಗದಲ್ಲಿ ಹೊಳೆ ಕೊರೆದದ್ದೆಲ್ಲ ಹಿಂದೆ ಯಾವಾಗಲೋ ಕಾಂಡ್ಲ ಕಡಿದು ದೋಣಿ ಕಟ್ಟಲು ಜಾಗ ಮಾಡಿದ್ದ ಕಡೆಯಲ್ಲೇ. ಕಾಂಡ್ಲ ಉಳಿದಿದ್ದ ಕಡೆ ಗಡಿ ಒಂದು ಗೇಣೂ ಸರಿದಿರಲಿಲ್ಲ.

ಐದನೇ ಹೆಜ್ಜೆ: ದಾರಿ, ಕಡವು, ನಾಗನ ಕಟ್ಟೆ

ಹೊಳೆ ಬದಿಯ ಜಾಗದ ಮೂಲಕ ಊರವರು ನಡೆದು ಬಂದಿರುತ್ತಾರೆ: ಕಡವಿಗೆ (ದೋಣಿ ಹತ್ತಿ ಹೊಳೆ ದಾಟುವಲ್ಲಿಗೆ), ಬಟ್ಟೆ ಒಗೆಯಲು, ಗಾಳ ಹಾಕಲು. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಹಕ್ಕೆಂಬಂತೆ ನಡೆದರೆ ಅದು ದಾರಿಯ ಹಕ್ಕಾಗಬಹುದು. ಅಂಥ ಕಾಲುದಾರಿ ಇದ್ದರೆ ಅದನ್ನು ಸ್ಕೆಚ್ಚಿನಲ್ಲಿ ತೋರಿಸಿ. ನಿಮ್ಮ ಜಾಗಕ್ಕೆ ಬರುವ ದಾರಿ ಬೇರೆಯವರ ಜಾಗದ ಮೂಲಕ ಬರುತ್ತಿದ್ದರೆ ಅದರ ಅಗಲ ಎಷ್ಟು, ಆಧಾರದಲ್ಲಿ ಬರೆದಿದೆಯೇ ನೋಡಿ. ರಿಕ್ಷಾ ಬರುವ ದಾರಿಗೂ ಲಾರಿ ಬರುವ ದಾರಿಗೂ ಬೆಲೆಯಲ್ಲಿ ಬಹಳ ಅಂತರ.

ನಾಗನ ಕಟ್ಟೆ, ದೈವದ ಸ್ಥಾನ ಇರುವ ಜಾಗವಾದರೆ ಆ ಮಾತು ಮೊದಲು. ನಮ್ಮದರಲ್ಲಿ ಈಶಾನ್ಯ ಮೂಲೆಯಲ್ಲಿ ನಾಗಬನ ಇತ್ತು. ಅದನ್ನು ಎರಡು ಸೆಂಟ್ಸ್ ಬೇರೆ ಮಾಡಿ ಕುಟುಂಬದ ಹೆಸರಿನಲ್ಲೇ ಉಳಿಸಿಕೊಂಡೆವು. ವರ್ಷಕ್ಕೊಮ್ಮೆ ತಂಬಿಲಕ್ಕೆ ಬರಲು ಮೂರಡಿ ದಾರಿಯ ಹಕ್ಕನ್ನು ಆಧಾರದಲ್ಲೇ ಬರೆಸಿದೆವು. ಆಧಾರ ಬರೆದವರು, "ಬಾಯಿಮಾತಿನಲ್ಲಿ ಬಿಡಬೇಡಿ ಮಾರಾಯ್ರೆ, ಇವರು ಒಪ್ಪಿದರೂ ಇವರಿಂದ ನಾಳೆ ಕೊಳ್ಳುವವರು ಒಪ್ಪಬೇಕಲ್ಲ" ಎಂದದ್ದು ಸರಿಯಾದ ಮಾತು. ಕೊಳ್ಳುವವರು ಬೇರೆ ಮತದವರಾದರೂ ಮುಚ್ಚಿಡಬೇಡಿ. ನಮ್ಮ ಊರಿನಲ್ಲಿ ಇಂಥದ್ದನ್ನು ಗೌರವಿಸುವವರೇ ಹೆಚ್ಚು.

ಆರನೇ ಹೆಜ್ಜೆ: ಮನೆ, ಬಾವಿ, ನೆರೆಯ ಗುರುತು

ಬಣ್ಣ ಬಳಿಯಲು ಹೆಚ್ಚು ಖರ್ಚು ಮಾಡಬೇಡಿ. ನೀರಿನ ಬದಿಯ ಮನೆಗೆ ಬಂದವರು ನೋಡುವುದು ಗೋಡೆಯ ಬುಡದ ತೇವ, ಮಾಡಿನ ಪಕ್ಕಾಸು, ಬಾವಿ. ಗೆದ್ದಲು ಹಿಡಿದ ಪಕ್ಕಾಸು ಬದಲಿಸಿ, ಒಡೆದ ಹೆಂಚು ಹಾಕಿಸಿ. ಮುರಕಲ್ಲಿನ ಗೋಡೆಯ ಬುಡದಲ್ಲಿ ಉಪ್ಪು ಉಬ್ಬಿದ್ದರೆ ಅದರ ಮೇಲೆ ಸಿಮೆಂಟು ಮೆತ್ತಿ ಮುಚ್ಚಬೇಡಿ, ಒಂದೇ ಮಳೆಗಾಲದಲ್ಲಿ ಮತ್ತೆ ಬರುತ್ತದೆ. ಹೊಳೆ ಬದಿಯ ಒಡ್ಡಿನಲ್ಲಿ ಜಾರಿದ ಕಲ್ಲುಗಳನ್ನು ಮತ್ತೆ ಕೂರಿಸಿ. ಹೊಸ ತಡೆಗೋಡೆ ಕಟ್ಟುವ ಮುಂಚೆ ಪಂಚಾಯತಿನಲ್ಲಿ ಕೇಳಿ.

ಬಾವಿ ನೀರನ್ನು ಏಪ್ರಿಲ್ ಕೊನೆಯಲ್ಲಿ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಬೇಸಗೆಯಲ್ಲಿ ಉಪ್ಪು ನೀರು ಹೊಳೆಯಲ್ಲಿ ಎಷ್ಟು ಒಳಗೆ ಬರುತ್ತದೆಂಬುದು ಕಾಸರಗೋಡು ಪೇಟೆಯವರಿಗೆ ಚೆನ್ನಾಗಿ ಗೊತ್ತು. ಬಾವಿಕ್ಕರೆಯಲ್ಲಿ ತಡೆ ಅಣೆಕಟ್ಟು ಮುಗಿಯುವವರೆಗೆ ವರ್ಷವರ್ಷವೂ ನಳ್ಳಿಯಲ್ಲಿ ಉಪ್ಪು ನೀರು ಕುಡಿದವರು ಅವರು. ನಿಮ್ಮ ಬಾವಿ ಮಾರ್ಚಿನಲ್ಲಿ ಉಪ್ಪಾಗುತ್ತದೆಯಾದರೆ ಹೇಳಿಬಿಡಿ. ಗುಡ್ಡದ ಬದಿಯಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗ ಇದ್ದು ವರ್ಷವಿಡೀ ಸಿಹಿನೀರು ಬರುತ್ತದೆಯಾದರೆ ಅದನ್ನು ಎರಡು ಸಲ ಹೇಳಿ. ಹೊಳೆ ಬದಿಯ ಜಾಗಕ್ಕೆ ಅಂಥ ನೀರು ದೊಡ್ಡ ಆಸ್ತಿ. ಶೌಚಗುಂಡಿ ಬಾವಿಯಿಂದ ಏಳೂವರೆ ಮೀಟರ್ ದೂರ ಇದೆಯೇ ಅದನ್ನೂ ಟೇಪು ಹಿಡಿದು ನೋಡಿ.

ನೆರೆಯ ವಿಷಯವನ್ನು ಮುಚ್ಚಿಡಲೇಬಾರದು. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. 2019ರ ಆಗಸ್ಟಿನ ನೆರೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ನಮ್ಮ ಮನೆಯಲ್ಲಿ ಜಗಲಿಯ ಎರಡನೇ ಮೆಟ್ಟಿಲಿನವರೆಗೆ. ಆ ಮೆಟ್ಟಿಲಿನ ಕಲ್ಲಿಗೆ ಅಪ್ಪ ಮೊಳೆಯಿಂದ ಒಂದು ಗೀಟು ಹಾಕಿದ್ದರು. ಅದರ ಕೆಳಗೆ, ಇನ್ನೂ ಹಳೆಯ ಎರಡು ಗೀಟುಗಳು ಅಜ್ಜನವು. ಕೊಳ್ಳುವವರನ್ನು ಮೊದಲು ಕರೆದುಕೊಂಡು ಹೋದದ್ದು ಅಲ್ಲಿಗೇ. ಮೂರು ಗೀಟು, ಮೂರೂ ಹೊಸ್ತಿಲಿಗಿಂತ ಕೆಳಗೆ. ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಯಾವ ಎಂಜಿನಿಯರೂ ಕೊಡಲಾರರು. ನಿಮ್ಮ ಮನೆಯೊಳಗೆ ನೀರು ಬಂದಿದ್ದರೂ ಹೇಳಬೇಕು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ, ಸಾಮಾನ್ಯ ಜಾಗ್ರತೆಯಿಂದ ನೋಡಿದರೂ ಕೊಳ್ಳುವವರಿಗೆ ಕಾಣದ, ನಿಮಗೆ ಮಾತ್ರ ಗೊತ್ತಿರುವ ದೊಡ್ಡ ದೋಷವನ್ನು ತಿಳಿಸುವುದು ಮಾರುವವರ ಹೊಣೆ. ಡಿಸೆಂಬರಿನಲ್ಲಿ ಬಂದವರಿಗೆ ಜುಲೈಯ ಹೊಳೆ ಹೇಗೆ ಕಾಣಬೇಕು?

ಏಳನೇ ಹೆಜ್ಜೆ: ಬೆಲೆ

ಸರ್ಕಾರದ ನ್ಯಾಯಬೆಲೆ ಮುದ್ರಾಂಕ ಶುಲ್ಕದ ಲೆಕ್ಕಕ್ಕೆ. ಪೇಟೆಯ ಬೆಲೆ ಬೇರೆ. ಹೊಳೆ ಬದಿಯಲ್ಲಿ 'ಸೆಂಟಿಗೆ ಇಷ್ಟು' ಎಂದು ಒಂದೇ ದರ ಹಿಡಿದು ಗುಣಿಸುವುದು ತಪ್ಪು. ನಾನು ನಾಲ್ಕು ಸಂಗತಿ ಬರೆದುಕೊಂಡಿದ್ದೆ: ನೀರಿಗೆ ಮುಖ ಮಾಡಿದ ಗಡಿ ಎಷ್ಟು ಮೀಟರ್, ನೆರೆಯ ಗುರುತಿಗಿಂತ ಮೇಲಿರುವ ಜಾಗ ಎಷ್ಟು ಸೆಂಟ್ಸ್, ಅದರಲ್ಲಿ ಕಾನೂನಿನ ಪ್ರಕಾರ ಕಟ್ಟಲು ಬರುವುದು ಎಷ್ಟು, ದಾರಿ ಎಷ್ಟು ಅಗಲ. ಉದ್ದಕ್ಕೆ ಹೊಳೆಗೆ ಇಳಿಯುವ ಕಿರಿದಾದ ಐವತ್ತು ಸೆಂಟ್ಸಿಗಿಂತ ಹೊಳೆಯುದ್ದಕ್ಕೆ ಹಬ್ಬಿದ ಮೂವತ್ತು ಸೆಂಟ್ಸಿಗೆ ಹೆಚ್ಚು ಬೆಲೆ ಬರುವುದುಂಟು. ಇದೇ ಹೊಳೆಯ ಬದಿಯಲ್ಲಿ ಈಚೆಗೆ ಮಾರಾಟವಾದ ಎರಡು ಮೂರು ಜಾಗಗಳ ನಿಜ ಬೆಲೆಯನ್ನು ಮಾರಿದವರ ಬಾಯಿಂದಲೇ ಕೇಳಿ. ಬ್ರೋಕರಿನ ಬಾಯಿಂದ ಬಂದ ಬೆಲೆ ದಾರಿಯಲ್ಲಿ ಬೆಳೆದಿರುತ್ತದೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಷಟ್ಪಥ ಬಂದ ಮೇಲೆ ಮಂಗಳೂರಿನವರ ವಿಚಾರಣೆ ಹೆಚ್ಚಿದೆ. ಆದರೆ ಹೆದ್ದಾರಿಯಿಂದ ನಿಮ್ಮ ಊರಿಗೆ ತಿರುಗಲು ಸರ್ವಿಸ್ ರಸ್ತೆಯಲ್ಲಿ ಎಷ್ಟು ಸುತ್ತಬೇಕು ಎಂಬುದನ್ನೂ ಅವರು ಲೆಕ್ಕ ಹಾಕುತ್ತಾರೆ.

ಬ್ರೋಕರಿನ ಕಮಿಷನ್ ಎಷ್ಟು, ಯಾರು ಕೊಡುವುದು, ಯಾವಾಗ ಕೊಡುವುದು ಎಂದು ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ಎಂಟನೇ ಹೆಜ್ಜೆ: ತೋರಿಸುವ ಕಾಲ

ನವರಾತ್ರಿಯಿಂದ ಜನವರಿಯವರೆಗೆ ಹೊಳೆ ತುಂಬಿ, ಕೆಸರು ಇಳಿದು, ನೀರು ತಿಳಿಯಾಗಿರುತ್ತದೆ. ಫೋಟೋ ಆಗ ತೆಗೆಯಿರಿ, ಭರತದ ಹೊತ್ತಿನಲ್ಲಿ, ಬೆಳಿಗ್ಗೆ ಎಂಟರ ಒಳಗೆ. ಜೊತೆಗೆ ಆಟಿಯಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ) ಹೊಳೆ ಕೆಂಪಾಗಿ ಉಕ್ಕುವುದರ ಒಂದು ವಿಡಿಯೋ, ಏಪ್ರಿಲಿನ ಇಳಿತದಲ್ಲಿ ಕೆಸರು ಕಾಣುವ ಒಂದು ಫೋಟೋ ಕೂಡ ಇಟ್ಟುಕೊಂಡು ಕೇಳಿದವರಿಗೆ ತೋರಿಸಿ. ನಮ್ಮ ಕಡೆ ಆಟಿಯಲ್ಲಿ ಅಡ್ವಾನ್ಸ್ ಕೊಡುವವರು ಕಡಿಮೆ. ಆದರೆ ನಿಜವಾಗಿ ಆಸಕ್ತಿ ಇರುವವರನ್ನು ಆಟಿಯಲ್ಲೇ ಒಮ್ಮೆ ಬರಹೇಳಿ. ಆಗ ನೋಡಿಯೂ ಇಷ್ಟಪಟ್ಟವರು ಆಮೇಲೆ ಹಿಂದೆ ಸರಿಯುವುದಿಲ್ಲ.

ಒಂಬತ್ತನೇ ಹೆಜ್ಜೆ: ಕರಾರು, ಹಣ, ತೆರಿಗೆ

ಕರಾರಿನಲ್ಲಿ ವಿಸ್ತೀರ್ಣವನ್ನು ಆಧಾರದ ಪ್ರಕಾರವಲ್ಲ, ಈಗ ಅಳೆದದ್ದರ ಪ್ರಕಾರ ಬರೆಯಿರಿ, ಸ್ಕೆಚ್ ಲಗತ್ತಿಸಿ. ಅಡ್ವಾನ್ಸ್ ಎಷ್ಟು, ಬಾಕಿ ಎಂದಿನೊಳಗೆ, ಯಾರು ತಪ್ಪಿದರೆ ಏನು, ನೆರೆ ಮತ್ತು ಪುರಂಬೋಕಿನ ವಿಷಯ ತಿಳಿಸಲಾಗಿದೆ ಎಂಬ ಒಂದು ಸಾಲು. ಅಡ್ವಾನ್ಸ್ ಬ್ಯಾಂಕಿನ ಮೂಲಕವೇ ಪಡೆಯಿರಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ. ಆಧಾರದಲ್ಲಿ ಬೆಲೆ ಕಡಿಮೆ ತೋರಿಸೋಣ ಎಂದರೆ ಒಪ್ಪಬೇಡಿ.

ಕೊಳ್ಳುವವರು ಅನಿವಾಸಿ ಭಾರತೀಯರಾದರೆ ಒಂದು ವಿಷಯ ನೆನಪಿರಲಿ: ಅವರು ಮನೆ, ಮನೆಜಾಗ ಕೊಳ್ಳಬಹುದು, ಕೃಷಿಭೂಮಿ, ಪ್ಲಾಂಟೇಶನ್, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ನಿಮ್ಮ ದಾಖಲೆಯಲ್ಲಿ ಜಾಗದ ವರ್ಗ ಏನೆಂಬುದು ಇಲ್ಲಿ ಮತ್ತೆ ಮುಖ್ಯವಾಗುತ್ತದೆ.

ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ತೆರಿಗೆಯನ್ನು ಮೂಲದಲ್ಲೇ ಮುರಿದು ಕಟ್ಟಬೇಕು. ಅದರ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಮಾರುವವರೇ ಗಲ್ಫಿನಲ್ಲಿದ್ದು ಅನಿವಾಸಿಗಳಾಗಿದ್ದರೆ ಕಡಿತ ಬಹಳ ಹೆಚ್ಚು. ಕಡಿಮೆ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಸರ್ಟಿಫಿಕೇಟ್ ತಂದರೆ ಹಣ ಸಿಕ್ಕಿಹಾಕಿಕೊಳ್ಳುವುದಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಆಸ್ತಿಯ ಲಾಭಕ್ಕೆ ತೆರಿಗೆ ಶೇ. 12.5. 2024ರ ಜುಲೈ 23ಕ್ಕಿಂತ ಮುಂಚಿನ ಆಸ್ತಿಯಾದರೆ, ಇಲ್ಲೇ ವಾಸವಿರುವವರು ಹಣದುಬ್ಬರದ ಸೂಚ್ಯಂಕ ಸೇರಿಸಿ ಶೇ. 20ರ ಲೆಕ್ಕವನ್ನೂ ಹಾಕಿ, ಕಡಿಮೆ ಬಂದದ್ದನ್ನು ಕಟ್ಟಬಹುದು. ಅಜ್ಜನ ಕಾಲದ ಆಸ್ತಿಗೆ 2001ರ ಏಪ್ರಿಲ್ 1ರ ಬೆಲೆಯನ್ನು ಆಧಾರವಾಗಿ ಹಿಡಿಯಲು ಬರುತ್ತದೆ. ಅದಕ್ಕೆ ಒಬ್ಬ ಮೌಲ್ಯಮಾಪಕರ ವರದಿ ಮಾಡಿಸಿದರೆ ಕೊಟ್ಟ ಹಣ ವ್ಯರ್ಥವಾಗದು. ಬೇರೆ ಮನೆ ಕೊಳ್ಳುವ, ಕಟ್ಟುವ ಯೋಚನೆ ಇದ್ದರೆ, ಗ್ರಾಮೀಣ ಕೃಷಿಭೂಮಿಯ ವಿನಾಯಿತಿ ಸಿಗಬಹುದಾದರೆ, ಕರಾರಿಗೆ ಮುಂಚೆಯೇ ಲೆಕ್ಕಪರಿಶೋಧಕರನ್ನು ಕಾಣಿ.

ಹತ್ತನೇ ಹೆಜ್ಜೆ: ರಿಜಿಸ್ಟ್ರಿ, ಒಪ್ಪಿಸುವುದು

ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2; ಕೊಡುವುದು ವಾಡಿಕೆಯಂತೆ ಕೊಳ್ಳುವವರು. ಆಧಾರದ ಕರಡನ್ನು ಎರಡು ದಿನ ಮೊದಲೇ ಮನೆಗೆ ತಂದು, ಚೆಕ್ಕುಬಂದಿಯಲ್ಲಿ ಹೊಳೆಯ ಬದಿಗೆ 'ಹೊಳೆ' ಎಂದಿದೆಯೋ 'ಹೊಳೆ ಪುರಂಬೋಕು' ಎಂದಿದೆಯೋ ನೋಡಿ. ಒಂದು ಪದದ ವ್ಯತ್ಯಾಸ, ಮುಂದೆ ಒಂದು ದಾವೆಯಾಗಬಹುದು. ಪೂರ್ತಿ ಹಣ ಖಾತೆಗೆ ಬಂದದ್ದು ನೋಡಿಕೊಂಡು ಸಹಿ ಹಾಕಿ.

ಆಮೇಲಿನ ಕೆಲಸಗಳು ಸಣ್ಣವು: ಕೊಳ್ಳುವವರ ಹೆಸರಿಗೆ ಪೋಕುವರವು (ಖಾತೆ ಬದಲಾವಣೆ) ಆಯಿತೇ ವಿಚಾರಿಸುವುದು, ಕೆಎಸ್‌ಇಬಿಯ ಮೀಟರು, ಕೃಷಿ ಪಂಪಿನ ಕನೆಕ್ಷನ್, ಪಂಚಾಯತಿನ ಕಟ್ಟಡ ತೆರಿಗೆ ಇವುಗಳ ಹೆಸರು ಬದಲಿಸುವುದು. ಮಾಡದಿದ್ದರೆ ಬಿಲ್ಲು ನಿಮ್ಮ ಹೆಸರಿಗೇ ಬರುತ್ತಿರುತ್ತದೆ.

ಕೀಲಿಕೈ ಕೊಡುವ ದಿನ ಹೊಸಬರ ಜೊತೆ ಒಂದು ಸುತ್ತು ಜಾಗ ನಡೆದು ಬನ್ನಿ. ಸರ್ವೆ ಕಲ್ಲುಗಳನ್ನು ಒಂದೊಂದಾಗಿ ತೋರಿಸಿ. ತೋಡಿನ ನೀರು ಮಳೆಗಾಲದಲ್ಲಿ ಯಾವ ಕಡೆ ತಿರುಗುತ್ತದೆ, ನೆರೆ ಏರುವಾಗ ಪಂಪಿನ ಮೋಟಾರನ್ನು ಎಲ್ಲಿಗೆ ಎತ್ತಿಡಬೇಕು, ದೋಣಿ ಇರುವ ನೆರೆಮನೆ ಯಾವುದು, ಅವರ ಫೋನ್ ನಂಬ್ರ ಯಾವುದು ಎಂದು ಹೇಳಿಕೊಡಿ. ನಾನು ಅವರಿಗೆ ಮೋಟಾರು ಎತ್ತಿಡುವ ಅಟ್ಟಣಿಗೆ ತೋರಿಸಿದೆ, ಹಗ್ಗ ಕಟ್ಟುವ ಕೊಕ್ಕೆ ತೋರಿಸಿದೆ. ಮುಂದಿನ ಮಳೆಗಾಲಕ್ಕೆ ಬೇಕಾಗುತ್ತದೆಂದು ಮೆಟ್ಟಿಲಿನ ಗೀಟು ಹಾಕಿದ್ದ ಮೊಳೆಯನ್ನೂ ಜಗಲಿಯ ಗೂಡಿನಲ್ಲಿ ಇಟ್ಟು ಬಂದೆ.